ಲ್ಯಾಬ್ರಡೂಡಲ್ ತರೋದಾ, ಗೋಲ್ಡನ್‌ಡೂಡಲ್ ತರೋದಾ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾಯಿಮರಿ ಬೇಕು ಅಂತ ಮಕ್ಕಳು ಒಂದು ವರ್ಷದಿಂದ ಬೆನ್ನು ಬಿದ್ದಿದ್ದಾರೆ. ದೊಡ್ಡವನಿಗೆ 11, ಸಣ್ಣವಳಿಗೆ 7. ಅತ್ತೆಗೆ ದಮ್ಮು ಇದೆ, ಧೂಳು ಎದ್ದರೆ ಸಾಕು ಇನ್‌ಹೇಲರ್ ಬೇಕು. ಹೈದರಾಬಾದಿನಲ್ಲಿರುವ ಮೈದುನ "ಗುಂಗುರು ಕೂದಲಿನ ಪೂಡಲ್ ತಳಿಯ ಕ್ರಾಸ್ ತಗೊಳ್ಳಿ ಅತ್ತಿಗೆ, ಕೂದಲು ಉದುರಲ್ಲ, ಅಲರ್ಜಿ ಆಗಲ್ಲ" ಅಂತಾನೆ. ಅಲ್ಲಿ ಲ್ಯಾಬ್ರಡಾರ್ ಜೊತೆ ಕ್ರಾಸ್ ಮಾಡಿದ ಲ್ಯಾಬ್ರಡೂಡಲ್, ಗೋಲ್ಡನ್ ರಿಟ್ರೀವರ್ ಜೊತೆ ಮಾಡಿದ ಗೋಲ್ಡನ್‌ಡೂಡಲ್ ಎರಡೂ ಸಿಗುತ್ತವಂತೆ. ನಮ್ಮದು ನೆಲಮಹಡಿ ಮನೆ, ಮುಂದೆ ಸಣ್ಣ ಅಂಗಳ. ಯಾವುದು ತರಲಿ?
– ಓದುಗರು, ಸೇಡಂ ರಸ್ತೆ, ಕಲಬುರಗಿ

ಉತ್ತರ: ನೋಡಿ ತಂಗಿ, ಮರಿಯ ಮಾತು ಆಮೇಲೆ, ಮೊದಲು ನಿಮ್ಮ ಅತ್ತೆಯ ಮಾತು. "ಅಲರ್ಜಿ ಆಗಲ್ಲ" ಅನ್ನೋದನ್ನು ನಂಬಿ ಮುಂಗಡ ಕೊಡಬೇಡಿ. ಅಲರ್ಜಿ ಬರೋದು ಬರೀ ಕೂದಲಿಂದ ಅಲ್ಲ. ನಾಯಿಯ ಜೊಲ್ಲು, ಚರ್ಮದಿಂದ ಉದುರುವ ಹೊಟ್ಟು, ಇವುಗಳಲ್ಲಿರುವ ಪ್ರೋಟೀನಿನಿಂದ. ಅದು ಇಲ್ಲದ ನಾಯಿಯೇ ಇಲ್ಲ. ಕೂದಲು ಕಡಿಮೆ ಉದುರಿದರೆ ನಿಮಗೆ ಕಸ ಗುಡಿಸೋದು ಕಡಿಮೆಯಾಗುತ್ತದೆ, ಅತ್ತೆಗೆ ದಮ್ಮು ಬರೋದಿಲ್ಲ ಅಂತ ಯಾರೂ ಬರೆದು ಕೊಡೋಕಾಗಲ್ಲ.

ಲ್ಯಾಬ್ರಡೂಡಲ್ ಹೆಸರು ಮಾಡಿದ ಕತೆಯಲ್ಲೇ ಇದು ಇದೆ. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಗೈಡ್ ಡಾಗ್ ಸಂಸ್ಥೆಯಲ್ಲಿದ್ದ ವಾಲಿ ಕಾನ್‌ರನ್ ಅವರಿಗೆ ಹವಾಯಿಯಿಂದ ಒಂದು ಕೋರಿಕೆ ಬಂತು. ಕಣ್ಣು ಕಾಣದ ಹೆಂಗಸು, ದಾರಿ ತೋರಿಸಲು ನಾಯಿ ಬೇಕು, ಆದರೆ ಗಂಡನಿಗೆ ನಾಯಿ ಅಲರ್ಜಿ. ಕಾನ್‌ರನ್ ಅವರು ಲ್ಯಾಬ್ರಡಾರ್ ಮತ್ತು ಸ್ಟ್ಯಾಂಡರ್ಡ್ ಪೂಡಲ್ (ದೊಡ್ಡ ಗಾತ್ರದ ಪೂಡಲ್) ಕೂಡಿಸಿದರು, ಮೂರು ಮರಿ ಹುಟ್ಟಿದವು, ಮೂರರ ಕೂದಲು, ಜೊಲ್ಲನ್ನು ಹವಾಯಿಗೆ ಕಳಿಸಿ ನೋಡಿದರೆ ಒಂದೇ ಒಂದು ಮರಿ ಆ ಗಂಡನಿಗೆ ಒಗ್ಗಿತು. ಒಂದೇ ತಾಯಿಯ ಮಕ್ಕಳಲ್ಲೇ ಇಷ್ಟು ವ್ಯತ್ಯಾಸ, ಅಲ್ವಾ? ಇದರ ಹಿಂದೆ ಬಿದ್ದು ಕಂಡಕಂಡವರೆಲ್ಲ ಮರಿ ಹಾಕಿಸಿ ಮಾರೋದನ್ನು ನೋಡಿ ಕಾನ್‌ರನ್ ಅವರೇ ಆಮೇಲೆ ತುಂಬಾ ನೊಂದುಕೊಂಡು ಮಾತಾಡಿದ್ದರು.

ಹಾಗಾಗಿ ಅತ್ತೆಯ ಡಾಕ್ಟರನ್ನು ಮೊದಲು ಕೇಳಿ. ಅವರು ಪರವಾಗಿಲ್ಲ ಅಂದರೆ ಇಂಥ ನಾಯಿ ಇರುವ ಮನೆಗೆ ಅತ್ತೆಯನ್ನು ಕರ್ಕೊಂಡು ಹೋಗಿ, ಇನ್‌ಹೇಲರ್ ಜೊತೆಗಿರಲಿ. ಒಂದು ಸಲ ಅಲ್ಲ, ಮೂರ್ನಾಲ್ಕು ಸಲ, ಪ್ರತಿ ಸಲ ಒಂದೆರಡು ತಾಸು ಕೂರಲಿ. ಉಸಿರು ಸ್ವಲ್ಪ ಕಟ್ಟಿದರೂ ಈ ವಿಚಾರ ಅಲ್ಲಿಗೇ ಬಿಡಿ. ಮಕ್ಕಳು ಅಳುತ್ತಾರೆ, ನನಗೆ ಗೊತ್ತು. ಆದರೆ ಮರಿ ತಂದು, ಆರು ತಿಂಗಳು ಹಚ್ಚಿಕೊಂಡು, ಆಮೇಲೆ ವಾಪಸ್ ಕೊಡೋದು ಮಕ್ಕಳಿಗೂ ಆ ಜೀವಕ್ಕೂ ಇನ್ನೂ ದೊಡ್ಡ ಪೆಟ್ಟು.

ಅತ್ತೆಗೆ ಒಗ್ಗಿತು ಅಂದುಕೊಳ್ಳೋಣ. ಎರಡರಲ್ಲಿ ಯಾವುದು? ನಿಜ ಹೇಳಬೇಕೆಂದರೆ ವ್ಯತ್ಯಾಸ ಜಾಸ್ತಿ ಇಲ್ಲ. ಒಂದಕ್ಕೆ ಲ್ಯಾಬ್ರಡಾರ್, ಇನ್ನೊಂದಕ್ಕೆ ಗೋಲ್ಡನ್ ರಿಟ್ರೀವರ್, ಉಳಿದರ್ಧ ಎರಡಕ್ಕೂ ಪೂಡಲ್. ಎರಡೂ ಚುರುಕು, ಎರಡೂ ಹೇಳಿದ್ದನ್ನು ಬೇಗ ಕಲಿಯುತ್ತವೆ. ಲ್ಯಾಬ್ರಡೂಡಲ್ ಸಾಮಾನ್ಯವಾಗಿ ಸ್ವಲ್ಪ ಜೋರು, ಓಡಾಟ ಜಾಸ್ತಿ ಬೇಕು, ಬೇಜಾರಾದರೆ ಚಪ್ಪಲಿಗೆ ಬಾಯಿ ಹಾಕುತ್ತದೆ. ಗೋಲ್ಡನ್‌ಡೂಡಲ್ ಸ್ವಲ್ಪ ಮೆತ್ತಗೆ, ಮನುಷ್ಯರಿಗೆ ಒರಗಿಕೊಂಡೇ ಇರುವ ಗುಣ, ಒಂಟಿಯಾಗಿ ಬಿಟ್ಟರೆ ಕೊರಗುತ್ತದೆ. ಸ್ಟ್ಯಾಂಡರ್ಡ್ ಪೂಡಲ್ ಕ್ರಾಸ್ ಆದರೆ 20ರಿಂದ 30 ಕೆ.ಜಿ. ತೂಗುತ್ತದೆ, ಏಳು ವರ್ಷದ ಮಗಳ ಕೈಯಲ್ಲಿ ಹಗ್ಗ ನಿಲ್ಲಲ್ಲ. ಮಿನಿಯೇಚರ್, ಅಂದರೆ ಸಣ್ಣ ಗಾತ್ರದ ಪೂಡಲ್ ಕ್ರಾಸ್ ನಿಮ್ಮ ಅಂಗಳಕ್ಕೆ ಹೊಂದುತ್ತದೆ.

ನಿಜವಾದ ಕೆಲಸ ಇರೋದು ಕೂದಲಲ್ಲಿ. ಉದುರಲ್ಲ ಅಂತಾರಲ್ಲ, ಉದುರಬೇಕಾದ ಕೂದಲು ಅಲ್ಲೇ ಮೈಮೇಲೆ ಸಿಕ್ಕಿಕೊಳ್ಳುತ್ತದೆ. ನಮ್ಮ ಚಿನ್ನು ಗೋಲ್ಡನ್‌ಡೂಡಲ್. ತಂಗಿಯ ಮಗಳ ಮದುವೆ ಓಡಾಟದಲ್ಲಿ ಮೂರು ವಾರ ನಾನು ಅದರ ಬಾಚಣಿಗೆ ಮುಟ್ಟಲಿಲ್ಲ. ಮೇಲಿಂದ ನೋಡಿದರೆ ಚೆನ್ನಾಗಿಯೇ ಇತ್ತು. ಕಿವಿ ಹಿಂದೆ ಬೆರಳು ಹಾಕಿದರೆ ಕಂಬಳಿ ತುಂಡಿನ ಹಾಗೆ ಗಟ್ಟಿ ಗಂಟು, ಕಂಕುಳಲ್ಲಿ ಇನ್ನೊಂದು, ಕೊರಳಪಟ್ಟಿ ಕೆಳಗೆ ಮತ್ತೊಂದು, ಅದರೊಳಗೆ ಒಂದು ನೆಗ್ಗಿಲು ಮುಳ್ಳು. ಬಿಡಿಸಲು ಆಗಲೇ ಇಲ್ಲ, ಪೂರ್ತಿ ಬೋಳಿಸಬೇಕಾಯಿತು. ಕೆಳಗೆ ಚರ್ಮ ಕೆಂಪಾಗಿ ಹಸಿ ಹಸಿಯಾಗಿತ್ತು. ಅಷ್ಟು ದಿನ ಅದು ನೋವು ತಿಂದುಕೊಂಡೇ ಬಾಲ ಅಲ್ಲಾಡಿಸುತ್ತಿತ್ತು ಅನ್ನೋದು ನನಗೆ ಇವತ್ತಿಗೂ ಚುಚ್ಚುತ್ತದೆ.

ಅದಕ್ಕೇ ಹೇಳೋದು, ದಿನಾ 15 ನಿಮಿಷ ಬಾಚಬೇಕು. ಮೇಲೆ ಮೇಲೆ ಅಲ್ಲ, ಕೂದಲನ್ನು ಸಾಲು ಸಾಲಾಗಿ ಎತ್ತಿ, ಸ್ಟೀಲ್ ಬಾಚಣಿಗೆ ಬುಡದಿಂದ ತುದಿವರೆಗೆ ತಡೆಯಿಲ್ಲದೆ ಬರಬೇಕು. ಗಂಟು ಇರುವಾಗ ಸ್ನಾನ ಮಾಡಿಸಬೇಡಿ, ನೀರು ಬಿದ್ದರೆ ಇನ್ನೂ ಬಿಗಿಯುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಬೇಕು. ಜೋತುಬಿದ್ದ ಕಿವಿ, ಸ್ನಾನ ಆದಮೇಲೆ ಒಣಗಿಸದಿದ್ದರೆ ಸೋಂಕು ಗ್ಯಾರಂಟಿ. ಈ 15 ನಿಮಿಷ ಮನೆಯಲ್ಲಿ ಯಾರದು ಅಂತ ಮೊದಲೇ ಮಾತಾಡಿಕೊಳ್ಳಿ. 11 ವರ್ಷದವನು "ನಾನು ಮಾಡ್ತೀನಿ" ಅನ್ನುತ್ತಾನೆ, ಪರೀಕ್ಷೆ ಬಂದಾಗ ಅದು ನಿಮ್ಮ ತಲೆಗೇ ಬರುತ್ತದೆ.

ಮೈದುನನಿಗೆ ಹೇಳಿ, ಬರೀ ಫೋಟೋ ನೋಡಿ ದುಡ್ಡು ಹಾಕೋದು ಬೇಡ, ಮರಿ ಇರುವ ಜಾಗಕ್ಕೆ ಹೋಗಿ ತಾಯಿ ನಾಯಿಯನ್ನು ನೋಡಲಿ. ತಂದೆ ತಾಯಿ ಎರಡರ ಸೊಂಟದ ಎಕ್ಸ್‌ರೇ, ಕಣ್ಣಿನ ಪರೀಕ್ಷೆಯ ಕಾಗದ ಕೇಳಲಿ. ಲ್ಯಾಬ್ರಡಾರ್, ಗೋಲ್ಡನ್, ಪೂಡಲ್ ಮೂರಕ್ಕೂ ಸೊಂಟದ ಕೀಲಿನ ತೊಂದರೆ ಬರುತ್ತದೆ, ಕ್ರಾಸ್ ಮಾಡಿದ ಮಾತ್ರಕ್ಕೆ ಹೋಗಲ್ಲ. 2017ರ ಕೇಂದ್ರ ನಿಯಮದಂತೆ ನಾಯಿ ತಳಿ ಮಾಡಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಕಾಗದ ತೋರಿಸದಿದ್ದರೆ ಬರಿಗೈಲಿ ವಾಪಸ್ ಬರಲಿ.

ನನ್ನನ್ನು ಕೇಳಿದರೆ, ಅತ್ತೆಗೆ ಒಗ್ಗಿದರೆ, ದಿನವೂ ಯಾರಾದರೂ ಮನೆಯಲ್ಲಿರುತ್ತೀರಿ ಅಂದರೆ, ಮಿನಿಯೇಚರ್ ಪೂಡಲಿನ ಗೋಲ್ಡನ್‌ಡೂಡಲ್. ಕೂದಲು ಯಾವಾಗಲೂ ಒಂದು ಇಂಚಿಗೇ ಇಡಿ, ಉದ್ದ ಬಿಡೋ ಆಸೆ ಬೇಡ.

ಪ್ರಶ್ನೆ: ನಮ್ಮ ಲ್ಯಾಬ್ರಡೂಡಲ್‌ಗೆ ಬೇಸಿಗೆಯಲ್ಲಿ ಪೂರ್ತಿ ಬೋಳಿಸಿದರೆ ತಂಪಾಗುತ್ತಾ?
– ವಿದ್ಯಾರ್ಥಿ, ಬೀದರ್

ಉತ್ತರ: ಬೇಡಪ್ಪಾ. ಚರ್ಮ ಕಾಣುವಷ್ಟು ತೆಗೆದರೆ ಬಿಸಿಲು ನೇರ ಮೈಗೆ ಹೊಡೆಯುತ್ತದೆ. ಗಿಡ್ಡ ಮಾಡಿಸು, ಸಾಕು. ನಾಯಿಗೆ ನಮ್ಮ ಹಾಗೆ ಬೆವರಿ ತಂಪಾಗೋಕೆ ಬರಲ್ಲ, ತೇಕಿಯೇ ಬಿಸಿ ಹೊರಹಾಕಬೇಕು. ಬೆಳಿಗ್ಗೆ ಏಳರೊಳಗೆ ವಾಕಿಂಗ್ ಮುಗಿಸು, ಸಂಜೆ ಡಾಂಬರಿಗೆ ಅಂಗೈ ಹಿಂಭಾಗ ಇಟ್ಟು ಏಳು ಎಣಿಸು, ನಿನಗೆ ತಡೆಯದಿದ್ದರೆ ಅದಕ್ಕೂ ತಡೆಯಲ್ಲ. ಮಧ್ಯಾಹ್ನ ಶಹಾಬಾದ್ ಕಲ್ಲಿನ ನೆಲ ಇರುವ ಕೋಣೆಯಲ್ಲಿ ಫ್ಯಾನ್ ಹಾಕಿ ಬಿಡು. ತೇಕು ನಿಲ್ಲದೆ, ಜೊಲ್ಲು ಸುರಿದು, ಕಾಲು ತಡವರಿಸಿದರೆ ಮೈಗೆ ತಣ್ಣೀರು ಹಾಕಿ, ಗಾಳಿ ಬೀಸುತ್ತಾ ತಕ್ಷಣ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರ್ಕೊಂಡು ಹೋಗು. ನಿಮ್ಮೂರಲ್ಲೇ ಅದಿರೋದು ದೊಡ್ಡ ಅನುಕೂಲ.

ಪ್ರಶ್ನೆ: ಮರಿಗೆ ಜೋಳದ ರೊಟ್ಟಿ, ಹಾಲು ಮಾತ್ರ ಹಾಕಿದರೆ ನಡೆಯುತ್ತಾ?
– ಓದುಗರು, ಯಾದಗಿರಿ

ಉತ್ತರ: ರೊಟ್ಟಿ ಸ್ವಲ್ಪ ಹಾಕಬಹುದು, ಅದೇ ಊಟ ಆಗಬಾರದು. ಬೆಳೆಯುವ ಮರಿಗೆ ಮೊಟ್ಟೆ, ಕೋಳಿ, ಇಲ್ಲವೇ ಮರಿಗಳಿಗೆಂದೇ ಮಾಡಿದ ಪೆಡಿಗ್ರಿಯಂಥ ಆಹಾರ ಬೇಕು. ಹಾಲು ಕೆಲವಕ್ಕೆ ಭೇದಿ ಮಾಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಪಲ್ಯ, ಒಣದ್ರಾಕ್ಷಿ, ಚಾಕೊಲೇಟ್ ಹತ್ತಿರ ಬಿಡಲೇಬೇಡಿ. ಊಟದ ತಟ್ಟೆಯಲ್ಲಿ ಉಳಿದದ್ದನ್ನು ಸುರಿಯುವ ಮೊದಲು ಒಂದು ಸಲ ನೋಡಿ, ನಮ್ಮ ಕಡೆಯ ಅಡುಗೆಯಲ್ಲಿ ಬೆಳ್ಳುಳ್ಳಿ ಇಲ್ಲದ್ದು ಕಡಿಮೆ.