ಹಿಮ ವರದಿಯ ಲೆಕ್ಕ

ಪ್ರಶ್ನೆ: ಫೆಬ್ರುವರಿಯಲ್ಲಿ ಗುಲ್ಮಾರ್ಗ್‌ಗೆ ಸ್ಕೀಯಿಂಗ್ ಕಲಿಯಲು ಹೊರಟಿದ್ದೇವೆ. ದಿನದ ಹಿಮ ವರದಿಯಲ್ಲಿ ಎರಡೆರಡು ಸೆಂಟಿಮೀಟರ್ ಲೆಕ್ಕ ಯಾಕಿರುತ್ತೆ?
— ಓದುಗರು, ದಾವಣಗೆರೆ

ಉತ್ತರ: ಒಂದು ನೆಲದ ಮೇಲಿರುವ ಒಟ್ಟು ಹಿಮದ ಆಳ, ಇನ್ನೊಂದು ಕಳೆದ 24 ಗಂಟೆಯಲ್ಲಿ ಬಿದ್ದ ಹೊಸ ಹಿಮ. ಅಳೆದ ಜಾಗ ಯಾವುದೆಂದು ಮೊದಲು ನೋಡಿ. ಊರು ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೋಲಾದ (ಬೆಟ್ಟದ ಮೇಲೆ ಒಯ್ಯುವ ಕೇಬಲ್ ಕಾರ್) ಎರಡನೇ ಹಂತ 3,900 ಮೀಟರ್ ದಾಟುತ್ತದೆ. ಮೇಲೆ ಹಿಮ ಸುರಿಯುವಾಗ ಕೆಳಗೆ ಬರೀ ಮಳೆಯಾಗುವುದೂ ಉಂಟು.

ಕಲಿಯುವವರಿಗೆ ಆಳಕ್ಕಿಂತ ಮೇಲ್ಪದರವೇ ಮುಖ್ಯ. ಹಗಲು ಕರಗಿದ್ದು ರಾತ್ರಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ಗಾಜಿನ ಹಾಗೆ ಜಾರುತ್ತದೆ, ಸ್ಕೀ ಅಂಚು ಹಿಡಿಯುವುದೇ ಇಲ್ಲ. ಬಿಸಿಲೇರಿ ಮೇಲ್ಪದರ ಸಡಿಲವಾಗುವವರೆಗೆ ಚಹಾ ಕುಡಿಯುತ್ತ ಕಾಯಿರಿ. ಹಿಮಕುಸಿತದ ಅಪಾಯಕ್ಕೆ 1ರಿಂದ 5ರ ಅಳತೆ ಇದೆ. 3 ಎಂದರೆ ‘ನಡುಮಟ್ಟ, ಪರವಾಗಿಲ್ಲ’ ಅಂತಲ್ಲ. ಕಡಿದಾದ ಇಳಿಜಾರಿನಲ್ಲಿ ಒಬ್ಬ ಸ್ಕೀಯರ್‌ನ ಭಾರಕ್ಕೇ ಹಿಮ ಕುಸಿಯಬಹುದು.