ಹಳೆಯ ಲೇಸರ್ ಪ್ರಿಂಟರಿನ ರೋಲರ್ ಮತ್ತು ಫ್ಯೂಸರ್ ಬಿಡಿಭಾಗಗಳನ್ನು ನಾನೇ ಬಿಚ್ಚಿ ಬದಲಾಯಿಸಬಹುದೇ?

ನೀವು ಕೇಳಿರುವುದು ಇಷ್ಟು: ನಿಮ್ಮ ಜೆರಾಕ್ಸ್ ಅಂಗಡಿಯ ಎಚ್‌ಪಿ ಲೇಸರ್‌ಜೆಟ್ 1020 ಬಹಳ ವರ್ಷ ದುಡಿದಿದೆ, ಈಗ ಒಮ್ಮೊಮ್ಮೆ ಹಾಳೆಯನ್ನು ಎಳೆದುಕೊಳ್ಳುವುದಿಲ್ಲ, ಎಳೆದುಕೊಂಡರೂ ಹೊರಬರುವ ಹೊತ್ತಿಗೆ ಹಾಳೆ ಬೀಸಣಿಗೆಯಂತೆ ಮಡಚಿಕೊಂಡು ಒಳಗೇ ಸಿಕ್ಕಿಕೊಳ್ಳುತ್ತದೆ, ಬಿಡಿಭಾಗ ತರಿಸಿ ನೀವೇ ಹಾಕಿಕೊಳ್ಳಬಹುದೇ, ಬಿಚ್ಚುವಾಗ ಅಪಾಯವೇನು. ಇಂಥ ಯಂತ್ರಗಳನ್ನು ರಿಪೇರಿ ಮಾಡುವುದೇ ನನ್ನ ಕಸುಬಾದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ನಿಮ್ಮ ಎರಡು ದೂರುಗಳು ಎರಡು ಬೇರೆ ಕೆಲಸಗಳು. ಹಾಳೆ ಎಳೆಯದಿರುವುದು ಪಿಕಪ್ ರೋಲರ್ ಸವೆದದ್ದರ ಲಕ್ಷಣ. ಅದನ್ನು ಬದಲಾಯಿಸಲು ಸ್ಕ್ರೂಡ್ರೈವರ್ ಕೂಡ ಬೇಡ, ಯಾರು ಬೇಕಾದರೂ ಮಾಡಬಹುದು. ಹಾಳೆ ಮಡಚಿಕೊಂಡು ಸಿಕ್ಕಿಕೊಳ್ಳುವುದು ಬಹುಮಟ್ಟಿಗೆ ಫ್ಯೂಸರಿನ ತೊಂದರೆ. ಅದಕ್ಕೆ ಯಂತ್ರದ ಮೈಯನ್ನೇ ಬಿಚ್ಚಬೇಕಾಗುತ್ತದೆ, ಒಂದು ಇಡೀ ಮಧ್ಯಾಹ್ನ ಬಿಡುವಿರುವವರು ಮಾತ್ರ ಕೈಹಾಕಬೇಕು. ಗಿರಾಕಿ ಎದುರಿಗೆ ನಿಂತಿರುವಾಗ ಫ್ಯೂಸರ್ ಬಿಚ್ಚಲು ಕೂರಬೇಡಿ.

ಎರಡಕ್ಕೂ ಮೊದಲು ಮಾಡಬೇಕಾದದ್ದು ಒಂದೇ. ಸ್ವಿಚ್ ಆರಿಸಿದರೆ ಸಾಲದು, ಗೋಡೆಯ ಸಾಕೆಟ್ಟಿನಿಂದ ಪ್ಲಗ್ಗನ್ನೇ ಕಿತ್ತು, ತಂತಿಯನ್ನು ಪ್ರಿಂಟರಿನ ಕಡೆಯಿಂದಲೂ ತೆಗೆದು, ಯುಎಸ್‌ಬಿ ಕೇಬಲ್ಲನ್ನು ಬಿಡಿಸಿ ಪಕ್ಕಕ್ಕಿಡಬೇಕು. ಆಗಷ್ಟೇ ಪ್ರಿಂಟ್ ತೆಗೆದಿದ್ದರೆ ಅರ್ಧ ಗಂಟೆಯಾದರೂ ತಣ್ಣಗಾಗಲು ಬಿಡಿ. ಟೋನರ್ ಪುಡಿಯನ್ನು ಕರಗಿಸಿ ಕಾಗದಕ್ಕೆ ಅಂಟಿಸುವ ಫ್ಯೂಸರು ಕೆಲಸ ಮಾಡುವಾಗ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯುತ್ತದೆ. ಬಳಿಕ ಟೋನರ್ ಕಾರ್ಟ್ರಿಜ್ ಹೊರತೆಗೆದು ದಪ್ಪ ಬಟ್ಟೆಯಲ್ಲೋ ನಾಲ್ಕು ಪದರ ವೃತ್ತಪತ್ರಿಕೆಯಲ್ಲೋ ಸುತ್ತಿ ಮೇಜಿನ ಕೆಳಗಿಡಿ. ಅದರೊಳಗಿನ ಡ್ರಮ್ ಬೆಳಕಿಗೆ ಸ್ಪಂದಿಸುವ ಲೇಪನವುಳ್ಳದ್ದು. ಬಿಸಿಲಿಗೆ ಇಟ್ಟರೆ ಮುಂದೆ ಪ್ರತಿ ಪುಟದಲ್ಲೂ ಕಪ್ಪು ಛಾಯೆ ಕಾಣಿಸಿಕೊಳ್ಳುತ್ತದೆ. ಡ್ರಮ್ಮಿಗೆ ಬೆರಳು ತಾಗಿಸಬೇಡಿ. ಯಂತ್ರದೊಳಗೆ ಅಡ್ಡಲಾಗಿ ಕೂತಿರುವ ಕಪ್ಪು ಸ್ಪಂಜಿನ ಟ್ರಾನ್ಸ್‌ಫರ್ ರೋಲರಿಗೂ ತಾಗಿಸಬೇಡಿ, ಕೈಯ ಎಣ್ಣೆ ಅಂಟಿದಲ್ಲೆಲ್ಲ ಅಕ್ಷರ ಮಾಸಲಾಗಿ ಬೀಳುತ್ತದೆ.

ಈಗ ಪಿಕಪ್ ರೋಲರ್. ಕಾರ್ಟ್ರಿಜ್ ತೆಗೆದ ಜಾಗದಲ್ಲಿ ಬಗ್ಗಿ ನೋಡಿದರೆ ನಡುವೆ ರಬ್ಬರಿನ ಸಣ್ಣ ರೋಲರ್ ಕಾಣುತ್ತದೆ, ಅದರ ಎರಡು ಪಕ್ಕಗಳಲ್ಲಿ ಚಿಕ್ಕ ಬಿಳಿ ಕಿವಿಗಳಿರುತ್ತವೆ. ಆ ಕಿವಿಗಳನ್ನು ಬೆರಳಿನಿಂದ ಹೊರಕ್ಕೆ ಸರಿಸಿ, ರೋಲರನ್ನು ನಿಮ್ಮ ಕಡೆಗೆ ತಿರುಗಿಸಿ ಮೇಲಕ್ಕೆತ್ತಿದರೆ ಬಂದುಬಿಡುತ್ತದೆ. ಹೊಸದನ್ನು ತಲೆಕೆಳಗಾಗಿ ಹಾಕುವ ಭಯವಿಲ್ಲ. ಒಂದು ಪಕ್ಕದ ಗುಳಿ ದುಂಡಗೆ, ಇನ್ನೊಂದು ಪಕ್ಕದ್ದು ಚೌಕಾಕಾರ, ತಪ್ಪಾಗಿ ಹಿಡಿದರೆ ಕೂರುವುದೇ ಇಲ್ಲ. ಕೂರಿಸಿ ಹಿಂದಕ್ಕೆ ತಿರುಗಿಸಿದಾಗ ಎರಡು ಕಡೆಯೂ ‘ಟಕ್’ ಎಂದು ಕಚ್ಚಿಕೊಳ್ಳಬೇಕು. ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರಿಗೂ ಇದೇ ರೋಲರ್ ಹೊಂದುವುದರಿಂದ ಅಂಗಡಿಯವರು ಆ ಹೆಸರಿನಲ್ಲಿ ಕೊಟ್ಟರೂ ಗಾಬರಿಯಾಗಬೇಡಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎರಡನ್ನೂ ಒಂದೇ ಡಬ್ಬದಿಂದ ತೆಗೆದು ಕೊಡುತ್ತಾರೆ. ಹಳೆಯ ರೋಲರನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಒರಟು ಮಾಡುವ ಉಪಾಯವನ್ನು ನಿಮಗೆ ಯಾರಾದರೂ ಹೇಳಿಯೇ ಇರುತ್ತಾರೆ. ಅದು ಕೆಲವು ದಿನ ನಡೆಯುತ್ತದೆ, ಆಮೇಲೆ ಮೊದಲಿಗಿಂತ ಬೇಗ ಜಾರುತ್ತದೆ. ಹೊಸದು ಬರುವವರೆಗೆ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಒಣಗಿಸಿ ಹಾಕಿಕೊಂಡರೆ ಸಾಕು. ಪೆಟ್ರೋಲ್, ಥಿನ್ನರ್ ತಾಗಿಸಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಒಂದರ ಬದಲು ಎರಡು ಮೂರು ಹಾಳೆ ಒಟ್ಟಿಗೆ ಹೋಗುತ್ತಿದ್ದರೆ ಸೆಪರೇಷನ್ ಪ್ಯಾಡನ್ನೂ ಬದಲಾಯಿಸಿ. ಟ್ರೇ ಮುಚ್ಚಿ, ಯಂತ್ರವನ್ನು ಮುಂಭಾಗದ ಮೇಲೆ ನಿಲ್ಲಿಸಿದರೆ ಅಡಿಯಲ್ಲಿ ಎರಡು ಸ್ಕ್ರೂಗಳಲ್ಲಿ ಅದು ಕೂತಿರುತ್ತದೆ.

ಫ್ಯೂಸರಿಗೆ ಕೈಹಾಕುವ ಮುನ್ನ ತಪ್ಪು ಅದರದೇ ಎಂದು ಖಾತ್ರಿ ಮಾಡಿಕೊಳ್ಳಿ. ಒಂದು ಪುಟಕ್ಕೆ ಪ್ರಿಂಟ್ ಕೊಟ್ಟು, ಹಾಳೆ ಅರ್ಧ ಒಳಗೆ ಹೋದ ಕೂಡಲೇ ವಿದ್ಯುತ್ ಕಡಿದು, ಬಾಗಿಲು ತೆರೆದು ಹಾಳೆಯನ್ನು ಮೆಲ್ಲಗೆ ಹೊರತೆಗೆಯಿರಿ. ಫ್ಯೂಸರಿಗೆ ಇನ್ನೂ ತಲುಪದ ಭಾಗದಲ್ಲಿ ಅಕ್ಷರಗಳು ಅಚ್ಚುಕಟ್ಟಾಗಿ ಪುಡಿಯ ರೂಪದಲ್ಲಿ ಕೂತಿದ್ದು, ಫ್ಯೂಸರ್ ದಾಟಿದ ಭಾಗದಲ್ಲಿ ಮಾತ್ರ ಕಲೆ, ಸುಕ್ಕು, ಕೈಯಿಂದ ಉಜ್ಜಿದರೆ ಅಳಿಸಿಹೋಗುವ ಅಕ್ಷರ ಕಂಡರೆ ಅನುಮಾನವೇ ಬೇಡ. ಹಾಳೆ ಹೋಗುವಾಗ ಪ್ಲಾಸ್ಟಿಕ್ ಚೀಲ ಮುದುಡಿದಂತೆ ಚರಪರ ಸದ್ದು ಕೇಳಿಸುತ್ತಿದ್ದರೆ ನಮ್ಮವರು ಟೆಫ್ಲಾನ್ ಎಂದು ಕರೆಯುವ ತೆಳು ಕೊಳವೆ ಹರಿದಿದೆ ಎಂದೇ ತಿಳಿಯಿರಿ. ಇನ್ನೊಂದೆಡೆ, ಒಂದೇ ಕಲೆ ಪುಟದುದ್ದಕ್ಕೂ ಸುಮಾರು 75 ಮಿಲಿಮೀಟರಿಗೊಮ್ಮೆ ಮರಳಿ ಬರುತ್ತಿದ್ದರೆ ಅದು ಡ್ರಮ್ಮಿನ ಗಾಯ, ಏಕೆಂದರೆ ಈ ಕಾರ್ಟ್ರಿಜ್ಜಿನ ಡ್ರಮ್ 24 ಮಿಲಿಮೀಟರ್ ವ್ಯಾಸದ್ದು, ಒಂದು ಸುತ್ತಿಗೆ ಅಷ್ಟೇ ದೂರ ಸಾಗುತ್ತದೆ. ಆಗ ಫ್ಯೂಸರ್ ಬಿಚ್ಚುವುದು ದಂಡ.

ಫ್ಯೂಸರ್ ಹೊರಬರಬೇಕಾದರೆ ಹಿಂಭಾಗದ ಮುಚ್ಚಳವನ್ನೂ ಪಕ್ಕದ ಮುಚ್ಚಳಗಳನ್ನೂ ತೆಗೆಯಬೇಕು. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ, ಮುಖ್ಯವಾಗಿ ತಂತಿಗಳು ಯಾವ ಕೊಕ್ಕೆಯ ಕೆಳಗೆ ಹಾದುಹೋಗಿವೆ ಎಂಬುದು ಕಾಣುವಂತೆ. ಹೀಟರಿಗೆ ವಿದ್ಯುತ್ ಒಯ್ಯುವ ದಪ್ಪ ತಂತಿ ಒಂದು, ಬಿಸಿ ಎಷ್ಟಿದೆಯೆಂದು ತಿಳಿಸುವ ಥರ್ಮಿಸ್ಟರಿನ ಸಣ್ಣ ತಂತಿ ಇನ್ನೊಂದು. ಎರಡನ್ನೂ ಕನೆಕ್ಟರ್ ಹಿಡಿದು ಬಿಡಿಸಬೇಕೇ ಹೊರತು ತಂತಿ ಹಿಡಿದು ಎಳೆಯಬಾರದು. ಯಾವ ಭಾಗವಾದರೂ ಬಿಗಿಯಾಗಿ ಹಿಡಿದುಕೊಂಡರೆ ಬಲ ಹಾಕಬೇಡಿ, ನಿಮ್ಮ ಕಣ್ಣಿಗೆ ಬೀಳದ ಒಂದು ಸ್ಕ್ರೂ ಅಥವಾ ಕೊಕ್ಕೆ ಇನ್ನೂ ಉಳಿದಿದೆ ಎಂದರ್ಥ.

ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡು. ಫ್ಯೂಸರಿನಲ್ಲಿ ಟೆಫ್ಲಾನ್ ಕೊಳವೆಯನ್ನು ಕೆಳಗಿನ ಪ್ರೆಶರ್ ರೋಲರಿಗೆ ಒತ್ತಿಹಿಡಿಯಲು ಎರಡು ತುದಿಗಳಲ್ಲಿ ಗಟ್ಟಿ ಸ್ಪ್ರಿಂಗುಗಳಿರುತ್ತವೆ. ಹೊಸದಾಗಿ ಕೆಲಸಕ್ಕೆ ಸೇರಿದ ದಿನಗಳಲ್ಲಿ ಬಲಗಡೆಯ ಸ್ಪ್ರಿಂಗನ್ನು ಬಿಡಿಸಿದ ನಾನು ಎಡಗಡೆಯದನ್ನು ಮರೆತು, ಸ್ಕ್ರೂಡ್ರೈವರ್ ಮೊನೆಯಿಂದ ಹೀಟರ್ ಇರುವ ಪಟ್ಟಿಯನ್ನು ಮೀಟಿ ಎತ್ತಿದೆ. ‘ಟಿಕ್’ ಎಂದು ಬಹಳ ಸಣ್ಣ ಸದ್ದಾಯಿತು. ನೋಡಿದರೆ ಬಿಳಿಯ ಸೆರಾಮಿಕ್ ಹೀಟರಿನ ಮೇಲೆ ಕೂದಲೆಳೆಯಂಥ ಒಂದು ಗೆರೆ ಬಿದ್ದಿತ್ತು, ಅಷ್ಟೇ. ಟೆಫ್ಲಾನ್ ಬದಲಾಯಿಸಲು ಹೋದವನು ಇಡೀ ಫ್ಯೂಸರಿನ ಬೆಲೆ ತೆತ್ತೆ. ಆದ್ದರಿಂದ ಎರಡೂ ಸ್ಪ್ರಿಂಗುಗಳನ್ನು ಮೊದಲು ಸಡಿಲಿಸಿ. ಅವು ಚಿಮ್ಮುವುದರಿಂದ ಬಿಡಿಸುವಾಗ ಮೇಲೊಂದು ಬಟ್ಟೆ ಹಿಡಿಯಿರಿ, ಕನ್ನಡಕ ಇದ್ದರೆ ಹಾಕಿಕೊಳ್ಳಿ.

ಹಳೆಯ ಟೆಫ್ಲಾನ್ ಜಾರಿಸಿ ತೆಗೆದ ಮೇಲೆ ಹೀಟರಿನ ಮೇಲಿನ ಕರಕಲು ಗ್ರೀಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಹೊಸ ಗ್ರೀಸ್ ಫ್ಯೂಸರಿಗೆಂದೇ ಮಾರುವ, ಶಾಖ ತಡೆಯುವ ಬಿಳಿ ಗ್ರೀಸೇ ಆಗಬೇಕು. ಸೈಕಲ್ ಬೇರಿಂಗಿಗೆ ಹಾಕುವ ಗ್ರೀಸ್ ಹೊಗೆಯಾಡುತ್ತದೆ. ಹೀಟರಿನ ಉದ್ದಕ್ಕೆ ತೆಳ್ಳಗೆ ಒಂದು ಗೆರೆ ಎಳೆದರೆ ಸಾಕು, ಧಾರಾಳವಾದರೆ ತುದಿಗಳಿಂದ ಸೋರಿ ಹಾಳೆಯ ಅಂಚಿಗೆ ಎಣ್ಣೆಕಲೆ ಹತ್ತುತ್ತದೆ. ಹೊಸ ಟೆಫ್ಲಾನನ್ನು ಉಗುರು ತಾಗದಂತೆ, ಅಂಚು ಮಡಚದಂತೆ ಜಾರಿಸಿ. ಪ್ರೆಶರ್ ರೋಲರಿನ ತುದಿಗಳಲ್ಲಿರುವ ಪ್ಲಾಸ್ಟಿಕ್ ಬುಷ್‌ಗಳು ಸವೆದಿದ್ದರೆ ಅವನ್ನೂ ಈಗಲೇ ಬದಲಾಯಿಸಿ. ಎರಡು ಕಡೆಯ ಸ್ಪ್ರಿಂಗುಗಳು ಸಮನಾಗಿ ಕೂರಬೇಕು. ಒತ್ತಡ ಒಂದು ಕಡೆ ಹೆಚ್ಚಾದರೆ ಟೆಫ್ಲಾನ್ ತಿರುಗುತ್ತಾ ಪಕ್ಕಕ್ಕೆ ಸರಿದು ಅಂಚಿನಿಂದ ಹರಿಯತೊಡಗುತ್ತದೆ. ಒಂದು ಬದಿ ಬಳಸಿದ ಹಾಳೆಗಳನ್ನು ಟ್ರೇಗೆ ಹಾಕುವ ಅಭ್ಯಾಸವಿದ್ದರೆ ಸ್ಟೇಪ್ಲರ್ ಪಿನ್ ಉಳಿದಿದೆಯೇ ಎಂದು ನೋಡಿಕೊಳ್ಳಿ, ಟೆಫ್ಲಾನನ್ನು ಹರಿಯಲು ಒಂದೇ ಪಿನ್ ಸಾಕು.

ಫ್ಯೂಸರಿನಲ್ಲಿ ಅತಿಯಾದ ಶಾಖಕ್ಕೆ ವಿದ್ಯುತ್ ಕಡಿಯುವ ಒಂದು ಸುರಕ್ಷತಾ ಬಿಡಿಭಾಗವಿದೆ. ಅದು ಕೆಟ್ಟಾಗ ಎರಡು ತುದಿಗಳನ್ನು ತಂತಿಯಿಂದ ಜೋಡಿಸಿ ಯಂತ್ರ ನಡೆಸುವವರನ್ನು ಕಂಡಿದ್ದೇನೆ. ಕಾಗದ ತುಂಬಿದ ಅಂಗಡಿಯಲ್ಲಿ ಬೆಂಕಿಗೆ ಬಾಗಿಲು ತೆರೆದಿಟ್ಟಂತೆ ಅದು, ದಯವಿಟ್ಟು ಮಾಡಬೇಡಿ.

ಪುಡಿ ಚೆಲ್ಲಿದರೆ ಒಣ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ, ಬಾಯಿಂದ ಊದಬೇಡಿ, ಮಾಸ್ಕ್ ಹಾಕಿಕೊಳ್ಳಿ. ಮನೆಯ ವ್ಯಾಕ್ಯೂಮ್ ಕ್ಲೀನರಿನ ಚೀಲ ಇಷ್ಟು ನುಣುಪಾದ ಪುಡಿಯನ್ನು ಹಿಡಿಯಲಾರದು, ಹಿಂದಿನಿಂದ ಕೋಣೆಗೆಲ್ಲ ಹರಡುತ್ತದೆ. ಕೈಯನ್ನು ತಣ್ಣೀರಿನಲ್ಲೇ ತೊಳೆಯಿರಿ. ಬಟ್ಟೆಗೆ ಬಿದ್ದಿದ್ದರೂ ಕೊಡವಿ ತಣ್ಣೀರಿಗೇ ಹಾಕಿ, ಬಿಸಿನೀರಿಗೆ ಪುಡಿ ಕರಗಿ ನೂಲಿಗೆ ಹತ್ತಿಕೊಳ್ಳುತ್ತದೆ.

ಎರಡು ಕಡೆ ಮಾತ್ರ ನೀವು ಹೋಗಲೇಬೇಡಿ. ಒಂದು, ಪವರ್ ಬೋರ್ಡ್. ಅದರ ದೊಡ್ಡ ಕೆಪಾಸಿಟರಿನಲ್ಲಿ ಯಂತ್ರ ನಡೆಯುವಾಗ 320 ವೋಲ್ಟಿನ ಆಸುಪಾಸು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಹೊತ್ತು ಉಳಿಯುತ್ತದೆ, ಬೋರ್ಡ್ ಕೆಟ್ಟಿದ್ದರೆ ಇನ್ನೂ ಹೆಚ್ಚು ಹೊತ್ತು. ಪಕ್ಕದ ಮುಚ್ಚಳ ತೆಗೆದಾಗ ಅದು ಕಣ್ಣಿಗೆ ಬಿದ್ದರೂ ಬೆರಳು ಚಾಚಬೇಡಿ. ಇನ್ನೊಂದು, ಎಚ್ಚರಿಕೆಯ ಚೀಟಿ ಅಂಟಿಸಿರುವ ಲೇಸರ್ ಪೆಟ್ಟಿಗೆ. ಮುಚ್ಚಿದ ಯಂತ್ರದಿಂದ ಕಿರಣ ಹೊರಬರುವುದಿಲ್ಲ. ಆದರೆ ಬಾಗಿಲಿನ ಸ್ವಿಚ್ಚಿಗೆ ಕಡ್ಡಿ ಚುಚ್ಚಿ ತೆರೆದ ಯಂತ್ರವನ್ನು ನಡೆಸಿದರೆ, ಕಣ್ಣಿಗೆ ಕಾಣದ ಆ ಕಿರಣ ಕಣ್ಣೊಳಗೇ ಗಾಯ ಮಾಡಬಲ್ಲದು, ಆದದ್ದು ತಕ್ಷಣಕ್ಕೆ ಗೊತ್ತೂ ಆಗದಿರಬಹುದು.

ಮರುಜೋಡಿಸುವಾಗ ಸ್ಕ್ರೂಗಳ ಬಗ್ಗೆ ಒಂದು ಮಾತು. ಇವು ಪ್ಲಾಸ್ಟಿಕ್ಕಿನಲ್ಲಿ ತಾವೇ ಕೊರೆದುಕೊಂಡ ಎಳೆಯಲ್ಲಿ ಕೂರುವಂಥವು. ಸ್ಕ್ರೂವನ್ನು ತೂತಿನಲ್ಲಿಟ್ಟು ಮೊದಲು ಹಿಮ್ಮುಖವಾಗಿ ತಿರುಗಿಸಿ. ಹಳೆಯ ಎಳೆಯ ಬಾಯಿ ಸಿಕ್ಕಾಗ ಸ್ಕ್ರೂ ಚೂರು ಕೆಳಗಿಳಿದದ್ದು ಕೈಗೆ ತಿಳಿಯುತ್ತದೆ, ಆಮೇಲೆ ಬಿಗಿ ಮಾಡಿ. ಎಲ್ಲ ಮುಚ್ಚಳ ಹಾಕಿ, ಕೈಯಲ್ಲಿ ಸ್ಕ್ರೂ ಉಳಿದಿಲ್ಲವೆಂದು ನೋಡಿಕೊಂಡ ಮೇಲೆಯೇ ಪ್ಲಗ್ ಹಾಕಿ, ಒಂದೊಂದಾಗಿ ಹತ್ತು ಹಾಳೆ ತೆಗೆಯಿರಿ. ಮೊದಲ ಒಂದೆರಡು ಹಾಳೆಗೆ ಗ್ರೀಸಿನ ಸಣ್ಣ ವಾಸನೆ ಬರುವುದು ಸಹಜ. ಐದನೆಯ ಹಾಳೆಗೂ ಸುಟ್ಟ ವಾಸನೆ ಬರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ಪ್ಲಗ್ ಕಿತ್ತು, ಬಿಚ್ಚುವಾಗ ತೆಗೆದ ಫೋಟೋಗಳೊಂದಿಗೆ ಯಂತ್ರವನ್ನು ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಎಲ್ಲಿ ತಪ್ಪಿದೆ ಎಂದು ಆ ಫೋಟೋ ನೋಡಿಯೇ ಅವರು ಹೇಳುವುದುಂಟು.