ಎರಡೂವರೆ ವರ್ಷದ ಮಗುವಿಗೆ ಸ್ಪೀಚ್ ಥೆರಪಿಸ್ಟ್ ಹುಡುಕುವುದು ಹೇಗೆ?

ಮಗನಿಗೆ ಎರಡೂವರೆ ವರ್ಷ, ಹತ್ತು ಪದವೂ ಬರುವುದಿಲ್ಲ, ಅತ್ತೆಯವರು ‘ಗಂಡುಮಕ್ಕಳಿಗೆ ಮಾತು ತಡ, ಕಾಯಿರಿ’ ಅನ್ನುತ್ತಾರೆ, ದಾವಣಗೆರೆಯಲ್ಲಿ ಯಾರಿಗೆ ತೋರಿಸಲಿ ಅಂತ ಕೇಳಿದ್ದೀರಿ. ದಯವಿಟ್ಟು ಕಾಯಬೇಡಿ. ಎರಡು ತುಂಬುವಷ್ಟರಲ್ಲಿ ಸುಮಾರು 50 ಪದ, ‘ಅಮ್ಮ ಬಾ’ ಥರ ಎರಡು ಪದ ಜೋಡಿಸುವುದು ಬಂದಿರಬೇಕು.

ಥೆರಪಿಸ್ಟ್‌ಗಿಂತ ಮೊದಲು ಕಿವಿ. ಚಪ್ಪಾಳೆ ತಟ್ಟಿದರೆ ತಿರುಗಿ ನೋಡುತ್ತಾನೆ ಅಂದಮಾತ್ರಕ್ಕೆ ಕಿವಿ ಸರಿಯಿದೆ ಅನ್ನಲಾಗದು. ದಪ್ಪ ಸದ್ದು ಕೇಳಿಸಿ, ‘ಸ’, ‘ಶ’ ಕೇಳಿಸದೆ ಇರಬಹುದು. ಒಎಇ (ಒಳಕಿವಿ ಸದ್ದಿಗೆ ಸ್ಪಂದಿಸುತ್ತದೆಯೇ ಅಂತ ನೋಡುವ ಪರೀಕ್ಷೆ), ಬೆರಾ (ಸದ್ದು ಕಿವಿಯಿಂದ ನರದ ಮೂಲಕ ಮೆದುಳಿಗೆ ತಲುಪುತ್ತದೆಯೇ ಅಂತ ನೋಡುವ ಪರೀಕ್ಷೆ) ಎರಡನ್ನೂ ಮಾಡಿಸಿ. ಬೆರಾಕ್ಕೆ ಮಗು ನಿದ್ದೆಯಲ್ಲಿರಬೇಕು. ಹೋಗುವ ದಾರಿಯಲ್ಲಿ ಮಲಗಲು ಬಿಡಬೇಡಿ, ಅಲ್ಲಿ ಎಚ್ಚರವಾಗಿ ಕೂತರೆ ಆ ದಿನ ಹೋದಂತೆಯೇ.

ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಜಿಲ್ಲಾ ಕೇಂದ್ರ) ಎಲ್ಲಿದೆ ಅಂತ ವಿಚಾರಿಸಿ, ಅಲ್ಲಿ ಸೇವೆ ಉಚಿತ. ಸಾಧ್ಯವಾದರೆ ಒಮ್ಮೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಪೂರ್ತಿ ಪರೀಕ್ಷೆ ಮಾಡಿಸಿ, ಆ ವರದಿ ಹಿಡಿದು ಊರಲ್ಲೇ ಥೆರಪಿ ಮುಂದುವರಿಸಿ. ಹೆಸರು ಕರೆದರೂ ನೋಡದೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸದೆ ಇದ್ದರೆ ಮಕ್ಕಳ ವೈದ್ಯರಿಗೆ ಅದನ್ನೂ ಹೇಳಿ.

ಖಾಸಗಿಯವರಾದರೆ ಬಿಎಎಸ್‌ಎಲ್‌ಪಿ (ಮಾತು ಮತ್ತು ಶ್ರವಣದ ಪದವಿ) ಓದಿದ್ದಾರಾ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಏನು ಅಂತ ನೇರವಾಗಿ ಕೇಳಿ. ಅದರಲ್ಲಿ ಸಂಕೋಚ ಬೇಡ.

ಮೊದಲ ದಿನವೇ ಬಹಳಷ್ಟು ಗೊತ್ತಾಗುತ್ತದೆ. ಒಳ್ಳೆಯವರು ಮಗುವಿನ ಜೊತೆ ನೆಲದ ಮೇಲೆ ಕೂರುತ್ತಾರೆ, ನಿಮ್ಮನ್ನೂ ಒಳಗೆ ಕೂರಿಸಿಕೊಳ್ಳುತ್ತಾರೆ. ‘ಮೂರು ತಿಂಗಳಲ್ಲಿ ಏನು ಬರಬೇಕು?’ ಅಂತ ಕೇಳಿದರೆ ‘ಐದು ವಸ್ತುಗಳನ್ನು ಹೆಸರು ಹಿಡಿದು ಕೇಳಬೇಕು’ ಅನ್ನುವಂಥ, ಎಣಿಸಬಹುದಾದ ಗುರಿ ಹೇಳಬೇಕು. ಬಾಗಿಲು ಹಾಕಿಕೊಂಡು ನಿಮ್ಮನ್ನು ಹೊರಗೆ ಕೂರಿಸುವವರು, ಗ್ಯಾರಂಟಿ ಕೊಡುವವರು, ಮಾತಿಗಾಗಿ ದಿನವೂ ಪೀಪಿ ಊದಿಸುವವರು, ‘ಮನೆಯಲ್ಲಿ ಕನ್ನಡ ಬಿಡಿ, ಇಂಗ್ಲಿಷ್ ಒಂದೇ ಆಡಿ’ ಅನ್ನುವವರು ಬೇಡ. ಎರಡು ಭಾಷೆ ಕೇಳಿ ಯಾವ ಮಗುವಿನ ಮಾತೂ ನಿಲ್ಲುವುದಿಲ್ಲ. ನಾಲಿಗೆಗೆ ಬಜೆ ತಿಕ್ಕಿದರೆ ಮಾತು ಬರುವುದೂ ಇಲ್ಲ.

ವಾರಕ್ಕೆ ಎರಡು ಸಲ ಮುಕ್ಕಾಲು ಗಂಟೆ ಥೆರಪಿ ಸಿಕ್ಕರೂ ಉಳಿದ ಕೆಲಸ ಮನೆಯದೇ. ಹಾಲಿನ ಲೋಟ ಅವನ ಮುಖದ ಎದುರು ಹಿಡಿದು ‘ಹಾಲು’ ಅನ್ನಿ, ಮನಸ್ಸಲ್ಲೇ ಐದು ಎಣಿಸಿ. ‘ಹಾ’ ಅಂದರೂ, ಬರೀ ಕೈ ಚಾಚಿದರೂ ಇನ್ನೊಮ್ಮೆ ‘ಹಾಲು’ ಅಂದು ಕೊಟ್ಟುಬಿಡಿ. ‘ಹೇಳಿದರೇ ಕೊಡೋದು’ ಅಂತ ಸತಾಯಿಸಿದರೆ ಮಗು ಕೇಳುವುದನ್ನೇ ಬಿಡುತ್ತದೆ.

ಮೂರು ತಿಂಗಳಾದರೂ ಗುರಿಯಲ್ಲಿ ಅಲುಗಾಟವಿಲ್ಲದಿದ್ದರೆ ಕಾರಣ ಕೇಳಿ. ಉತ್ತರ ಸರಿ ಬರದಿದ್ದರೆ ವರದಿಗಳನ್ನು ತೆಗೆದುಕೊಂಡು ಬೇರೆಯವರ ಬಳಿ ಹೋಗಿ.